‘ಪತ್ತೆಯಾಗಿಲ್ಲ’ ಎಂದರೆ ಏನು

ಮಂಗನ ಕಾಯಿಲೆಯ ಶಂಕೆಯಿಂದ ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದು ಶಿವಮೊಗ್ಗಕ್ಕೆ ಕಳಿಸಿದ ರಕ್ತದ ಮಾದರಿಗೆ ಬರುವ ಉತ್ತರ ಸಾಮಾನ್ಯವಾಗಿ ಎರಡರಲ್ಲೊಂದು. ವೈರಸ್‌ನ ಆರ್‌ಎನ್‌ಎ ಪತ್ತೆಯಾಗಿದೆ, ಇಲ್ಲವೇ ಪತ್ತೆಯಾಗಿಲ್ಲ. ಎರಡನೆಯದನ್ನು ಪ್ರಯೋಗಾಲಯ ‘ವೈರಸ್ ಇಲ್ಲ’ ಎಂದು ಬರೆಯುವುದಿಲ್ಲ. ರಿಪೋರ್ಟ್ ಕೈಗೆ ಬಂದ ಮನೆಯವರು ಮಾತ್ರ ಅದನ್ನು ‘ಇಲ್ಲ’ ಎಂದೇ ಓದಿಕೊಂಡು ಹಗುರಾಗುತ್ತಾರೆ. ಕಾಣದೆ ಇರುವುದಕ್ಕೂ ಇಲ್ಲದೆ ಇರುವುದಕ್ಕೂ ನಡುವೆ ಎಷ್ಟು ದೂರವಿದೆ, ಆ ದೂರವನ್ನು ಯಾವ ಷರತ್ತಿನ ಮೇಲೆ ದಾಟಬಹುದು ಎಂಬುದರ ಬಗ್ಗೆ ಭಾರತದ ದರ್ಶನಕಾರರು ಸಾವಿರಕ್ಕೂ ಹೆಚ್ಚು ವರ್ಷ ವಾದ ಮಾಡಿದ್ದಾರೆ. ಜಿಲ್ಲಾ ಮಟ್ಟದ ಪ್ರಯೋಗಾಲಯಕ್ಕೆ ಆಣ್ವಿಕ ರೋಗಪತ್ತೆ ಬಂದು ನೆಲೆಯೂರಿದ ಕತೆಯನ್ನು ಯಂತ್ರಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಆದರೆ ಆ ಪ್ರಯೋಗಾಲಯಗಳಲ್ಲಿ ನಿಜಕ್ಕೂ ಬೆಳೆದದ್ದು ‘ಇಲ್ಲ’ ಎನ್ನುವುದಕ್ಕೆ ಬೇಕಾದ ಅರ್ಹತೆ. ಯಂತ್ರವನ್ನು ಒಂದು ಲಾರಿಯಲ್ಲಿ ತಂದು ಇಳಿಸಬಹುದು. ಈ ಅರ್ಹತೆ ಹಾಗೆ ಬರುವುದಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮುಸಿಯಗಳೂ ಮಂಗಗಳೂ ಒಂದರ ಹಿಂದೊಂದು ಸತ್ತುಬಿದ್ದವು. ಊರಿನ ಜನರಿಗೂ ಜ್ವರ ಹಿಡಿಯಿತು. ಜ್ವರವನ್ನು ಮೊದಲು ಟೈಫಾಯ್ಡ್ ಎಂದುಕೊಂಡರು. ಮಂಗಗಳ ಸಾವು ಕಂಡಾಗ ಹಳದಿ ಜ್ವರದ ಭಯ ಹುಟ್ಟಿತು. ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನೂ ಕೊಲ್ಲುವ ಆ ರೋಗ ಭಾರತಕ್ಕೆ ಎಂದೂ ಬಂದಿರಲಿಲ್ಲ. 1952ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ಸನ್ನು ಬೇರ್ಪಡಿಸಿದಾಗ ಅದು ಹಳದಿ ಜ್ವರದ್ದಾಗಿರಲಿಲ್ಲ. ಅದರ ಹತ್ತಿರದ ಬಂಧುಗಳು ದೂರದ ರಷ್ಯಾದ ಕಾಡುಗಳಲ್ಲಿ ಮಿದುಳಿನ ಉರಿಯೂತ ತರುವ ವೈರಸ್‌ಗಳು. ಹರಡುತ್ತಿದ್ದದ್ದು ಉಣುಗು. ದರಗು ತರಲು, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋದವರಿಗೆ ಅದು ಕಚ್ಚುತ್ತಿತ್ತು. ನವೆಂಬರ್‌ನಿಂದ ಮೇ ತನಕ ಈ ಕಾಯಿಲೆಯ ಹಂಗಾಮು. ಅಡಿಕೆ ಕೊಯ್ಲಿನ ತಿಂಗಳುಗಳೂ ಹೆಚ್ಚುಕಡಿಮೆ ಅವೇ.

ಆ ಕಾಲದಲ್ಲಿ ಈ ರೋಗ ‘ಗೊತ್ತಾಗುವುದು’ ಎಂದರೆ, ರೋಗಿಯ ರಕ್ತವನ್ನು ಹಾಲು ಕುಡಿಯುವ ಇಲಿಮರಿಯ ಮಿದುಳಿಗೆ ಚುಚ್ಚಿ, ಅದು ಕಾಯಿಲೆ ಬಿದ್ದು ಸಾಯುವುದನ್ನು ಕಾಯುವುದು. ದಿನಗಳು ಹಿಡಿಯುತ್ತಿದ್ದವು. ಅಷ್ಟರಲ್ಲಿ ರೋಗಿ ಗುಣವಾಗಿ ತೋಟಕ್ಕೆ ಮರಳಿರುತ್ತಿದ್ದ, ಇಲ್ಲವೇ ಸತ್ತಿರುತ್ತಿದ್ದ. ಇಲಿಮರಿ ಸಾಯಬೇಕಾದರೆ ಮಾದರಿಯಲ್ಲಿ ವೈರಸ್ ಬದುಕಿರಬೇಕು. ಹಾಗಾಗಿ ಬದುಕಿದ ವೈರಸ್ಸನ್ನೇ ಸಾಗಿಸಬೇಕು, ಬೆಳೆಸಬೇಕು, ಅದರ ಜೊತೆಗೇ ಕೆಲಸ ಮಾಡಬೇಕು. ಪ್ರಯೋಗಾಲಯದ ಸಿಬ್ಬಂದಿಗೇ ಸೋಂಕು ತಗಲಿದ ಪ್ರಕರಣಗಳಿಗೆ ಈ ವೈರಸ್ ಕುಖ್ಯಾತ. ಇಂಥ ಕೆಲಸ ಒಂದು ಜಿಲ್ಲಾ ಕೇಂದ್ರದ ಅಳವಿಗೆ ಮೀರಿದ್ದು. ಜ್ಞಾನ ಪುಣೆಯಲ್ಲಿತ್ತು, ರೋಗ ಸಾಗರ, ತೀರ್ಥಹಳ್ಳಿಗಳಲ್ಲಿತ್ತು.

ಆಣ್ವಿಕ ವಿಧಾನ ಈ ಏರ್ಪಾಡನ್ನು ತಲೆಕೆಳಗು ಮಾಡಿತು. ಇಲ್ಲಿ ಮಾದರಿಯನ್ನು ಮೊದಲು ಒಂದು ರಾಸಾಯನಿಕ ದ್ರಾವಣಕ್ಕೆ ಹಾಕುತ್ತಾರೆ. ವೈರಸ್ಸಿನ ಹೊದಿಕೆ ಅಲ್ಲೇ ಕರಗಿ, ಒಳಗಿನ ಆರ್‌ಎನ್‌ಎ ಹೊರಬೀಳುತ್ತದೆ, ಸೋಂಕು ತರುವ ಶಕ್ತಿ ಅಲ್ಲಿಗೆ ಮುಗಿಯುತ್ತದೆ. ಹಳೆಯ ಪರೀಕ್ಷೆಗೆ ಬದುಕಿದ ವೈರಸ್ ಬೇಕಿತ್ತು, ಹೊಸದಕ್ಕೆ ಅದರ ಅವಶೇಷ ಸಾಕು. ಜಿಲ್ಲೆಯಲ್ಲಿ ಇದನ್ನು ನಡೆಸಲು ಸಾಧ್ಯವಾದದ್ದು ಮುಖ್ಯವಾಗಿ ಈ ಕಾರಣಕ್ಕೆ. 2012ರಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮಂಗನ ಕಾಯಿಲೆಗೆ ಆರ್‌ಟಿ-ಪಿಸಿಆರ್ ಮತ್ತು ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ ಪರೀಕ್ಷೆಗಳನ್ನು ಪ್ರಕಟಿಸಿತು. ಮುಂದಿನ ವರ್ಷಗಳಲ್ಲಿ ರಾಜ್ಯ ಆರೋಗ್ಯ ಇಲಾಖೆಯ ಶಿವಮೊಗ್ಗದ ವೈರಸ್ ಡಯಾಗ್ನೋಸ್ಟಿಕ್ ಲ್ಯಾಬೊರೇಟರಿ, ಅಂದರೆ ಎಲ್ಲರ ಬಾಯಲ್ಲಿರುವ ವಿಡಿಎಲ್, ಈ ಕೆಲಸವನ್ನು ತನ್ನಲ್ಲೇ ಮಾಡತೊಡಗಿತು. ಅದೇ ಅವಧಿಯಲ್ಲಿ ರೋಗ ಬಂಡೀಪುರ, ನೀಲಗಿರಿ, ವಯನಾಡುಗಳಲ್ಲಿ, ಆಮೇಲೆ ಗೋವಾದಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿತು. ಹರಡಿದ್ದು ರೋಗವೋ, ರೋಗವನ್ನು ಗುರುತಿಸುವ ಶಕ್ತಿಯೋ ಎಂಬ ಪ್ರಶ್ನೆ ಇಲ್ಲಿ ಸಹಜ. ಮಂಗಗಳು ಹೊಸ ಜಾಗಗಳಲ್ಲಿ ಸತ್ತದ್ದು ನಿಜ, ಆದ್ದರಿಂದ ಮೊದಲನೆಯದನ್ನು ತಳ್ಳಿಹಾಕುವಂತಿಲ್ಲ. ಎರಡನೆಯದನ್ನೂ ತಳ್ಳಿಹಾಕುವಂತಿಲ್ಲ.

ಪಿಸಿಆರ್ ಕೆಲಸ ಮಾಡುವ ಬಗೆ ತಿಳಿಯದೆ ಅದರ ತಾತ್ವಿಕ ತೊಡಕು ತಿಳಿಯುವುದಿಲ್ಲ. ಮಂಗನ ಕಾಯಿಲೆಯ ವೈರಸ್ಸಿನ ಆರ್‌ಎನ್‌ಎ ಸುಮಾರು 11,000 ಅಕ್ಷರಗಳ ಒಂದು ಸಾಲು. 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಪ್ರತ್ಯೇಕವಾಗಿ ಕಂಡುಹಿಡಿದ ಕಿಣ್ವದಿಂದ ಅದನ್ನು ಡಿಎನ್‌ಎ ಭಾಷೆಗೆ ತಿರುಗಿಸುತ್ತಾರೆ. ಆಮೇಲೆ 1983ರಲ್ಲಿ ಕ್ಯಾರಿ ಮುಲ್ಲಿಸ್ ಯೋಚಿಸಿದ ಸರಪಳಿ ಕ್ರಿಯೆ ಶುರು. ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಡಿಎನ್‌ಎಯ ಎರಡು ಎಳೆ ಬಿಚ್ಚಿಕೊಳ್ಳುತ್ತವೆ. ತಣಿಸಿದಾಗ ಪ್ರೈಮರ್ ಎಂಬ ಪುಟ್ಟ ತುಣುಕುಗಳು ತಮಗೆ ಹೊಂದುವ ಜಾಗ ಸಿಕ್ಕರೆ ಅಂಟಿಕೊಳ್ಳುತ್ತವೆ, ಅಲ್ಲಿಂದ ಹೊಸ ಎಳೆ ಬೆಳೆಯುತ್ತದೆ. ಎಳೆ ಹೆಣೆಯುವ ಕಿಣ್ವ ಅಮೆರಿಕದ ಯೆಲ್ಲೊಸ್ಟೋನ್‌ನ ಬಿಸಿನೀರ ಬುಗ್ಗೆಗಳಲ್ಲಿ ಬಾಳುವ ಒಂದು ಬ್ಯಾಕ್ಟೀರಿಯಾದಿಂದ ಬಂದದ್ದು, ಆದ್ದರಿಂದ ಕುದಿಯುವ ಬಿಸಿಗೂ ಕೆಡುವುದಿಲ್ಲ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ. ಹತ್ತು ಸುತ್ತಿಗೆ ಸಾವಿರ ದಾಟುತ್ತದೆ, ಇಪ್ಪತ್ತಕ್ಕೆ ಹತ್ತು ಲಕ್ಷ, ಮೂವತ್ತಕ್ಕೆ ನೂರು ಕೋಟಿ. ನಲವತ್ತನೆಯ ಸುತ್ತಿಗೆ, ಲೆಕ್ಕದ ಪ್ರಕಾರ, ಒಂದು ಲಕ್ಷ ಕೋಟಿಯನ್ನೂ ಮೀರುತ್ತದೆ. ಪ್ರತಿ ನಕಲಿನ ಜೊತೆ ಒಂದಿಷ್ಟು ಬೆಳಕು ಹೊಮ್ಮುವಂತೆ ಏರ್ಪಾಡು ಇರುತ್ತದೆ. ಯಂತ್ರ ಆ ಬೆಳಕನ್ನು ಅಳೆಯುತ್ತದೆ. ಎಷ್ಟನೆಯ ಸುತ್ತಿನಲ್ಲಿ ಬೆಳಕು ಗುರುತಿನ ಗೆರೆ ದಾಟಿತೋ ಅದೇ ‘ಸಿಟಿ ವ್ಯಾಲ್ಯೂ’. ಸಂಖ್ಯೆ ಚಿಕ್ಕದಾದಷ್ಟೂ ಮಾದರಿಯಲ್ಲಿದ್ದ ವೈರಸ್ ಹೆಚ್ಚು. ಮೂರಕ್ಕಿಂತ ತುಸು ಹೆಚ್ಚು ಸುತ್ತಿನ ವ್ಯತ್ಯಾಸವೆಂದರೆ ಹತ್ತು ಪಟ್ಟಿನ ವ್ಯತ್ಯಾಸ.

ಹೀಗೆ ಪರದೆಯ ಮೇಲೆ ತಂತ್ರಜ್ಞರು ನೋಡುವುದು ವೈರಸ್ಸನ್ನಲ್ಲ. ವೈರಸ್ಸಿನ ಆರ್‌ಎನ್‌ಎಯನ್ನೂ ಅಲ್ಲ. ಆ ಆರ್‌ಎನ್‌ಎಯ ಒಂದು ತುಣುಕಿನ ನಕಲಿನ ನಕಲುಗಳಿಂದ ಬಂದ ಬೆಳಕಿನ ಗೆರೆ ಮಾತ್ರ ಅವರ ಕಣ್ಣಿಗೆ ಬೀಳುವುದು. ಪತ್ರಿಕೆಗಳಲ್ಲಿ ‘ವೈರಸ್ಸನ್ನು ನೇರವಾಗಿ ಪತ್ತೆಹಚ್ಚುವ ಪರೀಕ್ಷೆ’ ಎಂಬ ಮಾತು ಪದೇಪದೇ ಬರುತ್ತದೆ. ಪ್ರತಿಕಾಯ ಹುಡುಕುವ ಪರೀಕ್ಷೆಯ ಜೊತೆ ಹೋಲಿಸುವಾಗ ಆ ಮಾತು ಸರಿ. ಭಾರತೀಯ ತರ್ಕವಾದ ನ್ಯಾಯಶಾಸ್ತ್ರದ ಅಳತೆಗೋಲಿನಲ್ಲಿ ಇದು ಪ್ರತ್ಯಕ್ಷವೇ ಅಲ್ಲ, ಅನುಮಾನ, ಅಂದರೆ ಗುರುತಿನಿಂದ ಊಹಿಸಿ ತಿಳಿಯುವುದು. ಅದರಲ್ಲೂ ಆ ಶಾಸ್ತ್ರದವರಾದ ನೈಯಾಯಿಕರು ಶೇಷವತ್ ಎಂದು ಕರೆದ ಬಗೆ: ಹೊಳೆ ಕೆಂಪಾಗಿ ಉಕ್ಕಿ ಹರಿಯುವುದನ್ನು ನೋಡಿ ಘಟ್ಟದ ಮೇಲೆ ಮಳೆಯಾಗಿದೆ ಎಂದು ತಿಳಿಯುವಂತೆ, ಕಾರ್ಯದಿಂದ ಕಾರಣಕ್ಕೆ ಹೋಗುವುದು.

ರೋಗವನ್ನು ತಿಳಿಯುವುದರಲ್ಲಿ ಅನುಮಾನಕ್ಕೆ ಇರುವ ಪಾಲನ್ನು ಚರಕಸಂಹಿತೆ ಬಿಡಿಸಿ ಹೇಳಿದೆ. ವೈದ್ಯ ರೋಗಿಯ ದೇಹವನ್ನು ಕಣ್ಣು, ಕಿವಿ, ಮೂಗು, ಸ್ಪರ್ಶಗಳಿಂದ ಪರೀಕ್ಷಿಸಬಹುದು, ನಾಲಗೆಯಿಂದ ಮಾತ್ರ ಕೂಡದು ಎಂಬುದು ವಿಮಾನಸ್ಥಾನದ ಮಾತು. ಹಾಗಾದರೆ ರಸ ತಿಳಿಯುವುದು ಹೇಗೆ? ಮೈಯಿಂದ ಹೇನುಗಳು ದೂರ ಸರಿದರೆ ರುಚಿ ಕೆಟ್ಟಿದೆ, ನೊಣಗಳು ಮುತ್ತಿದರೆ ಸಿಹಿಯಾಗಿದೆ. ಹರಿಯುತ್ತಿರುವುದು ಶುದ್ಧ ರಕ್ತವೋ ದೂಷಿತವೋ ಎಂಬ ಸಂದೇಹ ಬಂದರೆ ನಾಯಿಗೋ ಕಾಗೆಗೋ ಹಾಕಿ ನೋಡು. ನೊಣ ಇಲ್ಲಿ ಒಂದು ಉಪಕರಣ. ವೈದ್ಯನ ನಾಲಗೆ ಮುಟ್ಟಲಾಗದ್ದನ್ನು ಅದು ಮುಟ್ಟಿ ತಿಳಿಸುತ್ತದೆ. ಇಲಿಮರಿಯೂ ಅಂಥದೇ ಉಪಕರಣವಾಗಿತ್ತು. ಪಿಸಿಆರ್ ನಡೆಸುವ ಯಂತ್ರವಾದ ಥರ್ಮಲ್ ಸೈಕ್ಲರ್ ಈ ಸಾಲಿಗೆ ಹೊಸದಾಗಿ ಸೇರಿದ್ದು. ಅದು ನೊಣಕ್ಕಿಂತ ಬಹಳ ಸೂಕ್ಷ್ಮ, ಆದರೆ ಜಾತಿ ಬದಲಾಗಿಲ್ಲ.

ಜಾತಿ ಅನುಮಾನವಾದ ಮೇಲೆ ಅನುಮಾನದ ದೋಷಗಳೂ ಅಂಟಿಕೊಂಡೇ ಬರುತ್ತವೆ. ಹೊಗೆ ಕಂಡಲ್ಲಿ ಬೆಂಕಿಯಿದೆ ಎಂಬ ಉದಾಹರಣೆಯನ್ನು ತರ್ಕದ ವಿದ್ಯಾರ್ಥಿ ಮೊದಲ ದಿನವೇ ಕಲಿಯುತ್ತಾನೆ. ಮಂಜನ್ನೋ ಧೂಳನ್ನೋ ಹೊಗೆಯೆಂದುಕೊಂಡರೆ ಅನುಮಾನ ಕೆಡುತ್ತದೆ ಎಂದೂ ಕಲಿಯುತ್ತಾನೆ. ಬೆಂಕಿ ಆರಿದ ಮೇಲೂ ಕೊಟ್ಟಿಗೆಯ ಮಾಡಿನಡಿ ಹೊಗೆ ಸುಳಿಯುತ್ತಿರುತ್ತದಲ್ಲ, ಆಣ್ವಿಕ ಪರೀಕ್ಷೆಯನ್ನು ಹೆಚ್ಚು ಕಾಡುವುದು ಅದು. ಕ್ಷಯರೋಗದಲ್ಲಿ ಇದು ಸ್ಪಷ್ಟ. ಸೂಕ್ಷ್ಮದರ್ಶಕದಲ್ಲಿ ಕಫ ನೋಡಿ ಕ್ಷಯ ಹೇಳಬೇಕಾದರೆ ಒಂದು ಮಿಲಿಲೀಟರಿನಲ್ಲಿ 5,000ದಿಂದ 10,000 ಬ್ಯಾಕ್ಟೀರಿಯಾ ಬೇಕು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅನುಮೋದಿಸಿದ ಆಣ್ವಿಕ ಪರೀಕ್ಷೆ ಜೀನ್‌ಎಕ್ಸ್‌ಪರ್ಟ್ ಸುಮಾರು 130 ಇದ್ದರೂ ಹಿಡಿಯುತ್ತದೆ. ಆದರೆ ಚಿಕಿತ್ಸೆ ಮುಗಿಸಿದವರ ಕಫದಲ್ಲಿ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಬಹುಕಾಲ ಉಳಿಯಬಹುದು, ಯಂತ್ರಕ್ಕೆ ಸತ್ತದ್ದೂ ಒಂದೇ, ಬದುಕಿದ್ದೂ ಒಂದೇ. ಇನ್ನೂ ಸೂಕ್ಷ್ಮವಾದ ‘ಅಲ್ಟ್ರಾ’ ಆವೃತ್ತಿ 2017ರಲ್ಲಿ ಬಂದಾಗ ಅದರ ಉತ್ತರಗಳ ಪಟ್ಟಿಗೆ ‘ಟ್ರೇಸ್’ ಎಂಬ ಹೊಸ ಪದವನ್ನೇ ಸೇರಿಸಬೇಕಾಯಿತು. ಇದೆ ಎನ್ನಲು ಧೈರ್ಯ ಸಾಲದು, ಇಲ್ಲ ಎನ್ನಲೂ ಆಗದು. ಸೂಕ್ಷ್ಮತೆ ಹೆಚ್ಚಿದಂತೆ ಸಂದೇಹ ಕರಗುತ್ತದೆ ಎಂದು ನಂಬಿದ್ದವರಿಗೆ ಇದು ಅನಿರೀಕ್ಷಿತ. ತರ್ಕ ಓದಿದವರಿಗೆ ಅಷ್ಟೇನೂ ಅಲ್ಲ.

‘ಇದೆ’ ಎಂಬುದರ ತೊಡಕು ಇಷ್ಟಾದರೆ, ‘ಪತ್ತೆಯಾಗಿಲ್ಲ’ ಎಂಬುದರದ್ದು ಇನ್ನೂ ಆಳದ್ದು. ಹೊಗೆಯಿದ್ದಲ್ಲಿ ಬೆಂಕಿಯಿದೆ, ನಿಜ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೇ? ನೈಯಾಯಿಕರು ಇದಕ್ಕೆ ಕಾದ ಕಬ್ಬಿಣದ ಉಂಡೆಯನ್ನು ತೋರಿಸುತ್ತಾರೆ. ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಬೆಂಕಿಯ ಜೊತೆಗೆ ಹಸಿ ಕಟ್ಟಿಗೆಯೂ ಬೇಕು. ಈ ಹೆಚ್ಚಿನ ಷರತ್ತಿಗೆ ಉಪಾಧಿ ಎಂದು ಹೆಸರು. ಸೋಂಕು ಇದ್ದೂ ಮಾದರಿಯಲ್ಲಿ ಆರ್‌ಎನ್‌ಎ ಸಿಗದಿರುವುದು ಆ ಕಬ್ಬಿಣದ ಉಂಡೆಯ ಸಂಗತಿಯೇ. ಸರಿಯಾದ ದಿನ ರಕ್ತ ತೆಗೆದಿರಬೇಕು, ಐಸ್ ಪೆಟ್ಟಿಗೆಯಲ್ಲಿ ಕೋಲ್ಡ್ ಚೈನ್ ಮುರಿಯದೆ ಬಂದಿರಬೇಕು, ಹೊರತೆಗೆಯುವ ಹಂತದಲ್ಲಿ ಆರ್‌ಎನ್‌ಎ ಚೂರಾಗಿರಬಾರದು, ವೈರಸ್ಸಿನ ಅಕ್ಷರಗಳು ಪ್ರೈಮರ್ ಅಂಟುವ ಜಾಗದಲ್ಲೇ ಬದಲಾಗಿರಬಾರದು. ಹಸಿ ಕಟ್ಟಿಗೆ ಎಂದರೆ ಇವೆಲ್ಲ.

ಇಲ್ಲದಿರುವುದನ್ನು ತಿಳಿಯುವುದು ಹೇಗೆಂಬ ಪ್ರಶ್ನೆಗೆ ಏಳನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ಕೊಟ್ಟ ಉತ್ತರ ಹೆಸರಾದದ್ದು. ನೆಲದ ಮೇಲೆ ಮಡಕೆ ಇಲ್ಲ ಎಂಬ ಅರಿವು ಕಣ್ಣಿನಿಂದ ಬಂದದ್ದಲ್ಲ, ಕಣ್ಣು ನೆಲವನ್ನಷ್ಟೇ ಕಾಣುತ್ತದೆ, ಊಹೆಯಿಂದಲೂ ಬಂದದ್ದಲ್ಲ. ಅದಕ್ಕೆ ಅನುಪಲಬ್ಧಿ ಎಂಬ ಬೇರೆಯೇ ಪ್ರಮಾಣ, ಅಂದರೆ ತಿಳಿಯುವ ಸಾಧನ, ಇದೆ. ಅದೇ ಮೀಮಾಂಸೆಯ ಇನ್ನೊಂದು ಪಂಥದ ಪ್ರಭಾಕರ ಒಪ್ಪಲಿಲ್ಲ: ಅಭಾವವೆಂಬ ಪದಾರ್ಥವೇ ಇಲ್ಲ, ಬರಿಯ ನೆಲದ ಅರಿವಷ್ಟೇ ಇರುವುದು. ನೈಯಾಯಿಕರು ಅಭಾವವನ್ನು ಒಪ್ಪಿ, ಅದು ಪ್ರತ್ಯಕ್ಷದಿಂದಲೇ ಗೊತ್ತಾಗುತ್ತದೆ ಎಂದರು. ಬೌದ್ಧ ತಾರ್ಕಿಕ ಧರ್ಮಕೀರ್ತಿ ಕಾಣದಿರುವುದನ್ನು ಅನುಮಾನದ ಹೇತುವೆಂದು ಕರೆದ. ಇಷ್ಟೆಲ್ಲ ಭಿನ್ನಮತದ ನಡುವೆ ಅಭಾವವನ್ನು ಒಪ್ಪಿದವರು ಒಂದು ಷರತ್ತಿನಲ್ಲಿ ಒಂದಾಗುತ್ತಾರೆ. ವಸ್ತು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂತಿರಬೇಕು. ಕತ್ತಲೆಯ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆಂದಾಗದು. ಸ್ವಭಾವತಃ ಕಣ್ಣಿಗೆ ಬೀಳದ ಪಿಶಾಚಿಯನ್ನು ಕಾಣಲಿಲ್ಲವೆಂದು ಅದು ಅಲ್ಲಿಲ್ಲ ಎನ್ನುವಂತಿಲ್ಲ. ಈ ಯೋಗ್ಯತೆ ಇದ್ದಾಗ ಮಾತ್ರ ಕಾಣದಿರುವುದು ‘ಇಲ್ಲ’ಕ್ಕೆ ಸಾಕ್ಷಿ.

ಪ್ರಯೋಗಾಲಯದ ಭಾಷೆಯಲ್ಲಿ ಈ ಯೋಗ್ಯತೆಗೆ ಇಂಟರ್ನಲ್ ಕಂಟ್ರೋಲ್ ಎಂದು ಹೆಸರು. ವೈರಸ್ಸನ್ನು ಹುಡುಕುವಾಗಲೇ ಅದೇ ಮಾದರಿಯಲ್ಲಿ ಇರಲೇಬೇಕಾದ ಇನ್ನೊಂದನ್ನೂ ಹುಡುಕುತ್ತಾರೆ. ಸಾಮಾನ್ಯವಾಗಿ ಅದು ಮನುಷ್ಯನದೇ ಒಂದು ಜೀನ್, ಆರ್‌ನೇಸ್-ಪಿ. ವೈರಸ್ಸಿನ ಗೆರೆ ಮಲಗಿದ್ದು, ಆರ್‌ನೇಸ್-ಪಿಯ ಗೆರೆ ಎದ್ದಿದ್ದರೆ ದೀಪ ಉರಿಯುತ್ತಿತ್ತು, ಮಡಕೆ ಇರಲಿಲ್ಲ. ಎರಡೂ ಮಲಗಿದ್ದರೆ ಕೋಣೆಯೇ ಕತ್ತಲು. ಆಗ ‘ಪತ್ತೆಯಾಗಿಲ್ಲ’ ಎಂದು ಬರೆಯುವ ಹಕ್ಕು ತಂತ್ರಜ್ಞರಿಗಿಲ್ಲ. ‘ಇನ್‌ವ್ಯಾಲಿಡ್’ ಎಂದು ಬರೆಯಬೇಕು. ಕುಮಾರಿಲನ ಶಿಷ್ಯರು ಪುಟಗಟ್ಟಲೆ ವಾದಿಸಿ ಕಟ್ಟಿದ ಷರತ್ತನ್ನು ಒಂದು ಕಿಟ್ಟಿನೊಳಗಿನ ಹೆಚ್ಚುವರಿ ಪ್ರೋಬ್ ದಿನಕ್ಕೆ ನೂರು ಸಲ ಜಾರಿ ಮಾಡುತ್ತದೆ.

ಆದರೆ ಇಂಟರ್ನಲ್ ಕಂಟ್ರೋಲ್ ಕಾಯುವುದು ಕೊಳವೆಯ ಒಳಗಿನ ಯೋಗ್ಯತೆಯನ್ನು. ರಕ್ತ ತೆಗೆದ ದಿನದ ಯೋಗ್ಯತೆಯನ್ನು ಅದು ಅರಿಯದು. ಇಲ್ಲಿ ವೈಶೇಷಿಕರು ಮಾಡಿದ ಅಭಾವದ ನಾಲ್ಕು ವಿಂಗಡಣೆ ನೆರವಿಗೆ ಬರುತ್ತದೆ. ಹುಟ್ಟುವ ಮೊದಲು ಇಲ್ಲದಿರುವುದು ಪ್ರಾಗಭಾವ, ನಾಶವಾದ ಮೇಲೆ ಇಲ್ಲದಿರುವುದು ಪ್ರಧ್ವಂಸಾಭಾವ, ಎಂದೂ ಇಲ್ಲದಿರುವುದು ಅತ್ಯಂತಾಭಾವ, ಒಂದು ಇನ್ನೊಂದಲ್ಲದಿರುವುದು ಅನ್ಯೋನ್ಯಾಭಾವ. ಮಂಗನ ಕಾಯಿಲೆಯ ಒಂದು ‘ಪತ್ತೆಯಾಗಿಲ್ಲ’ದಲ್ಲಿ ಈ ನಾಲ್ಕೂ ಅಡಗಿರಬಹುದು. ಉಣುಗು ಕಚ್ಚಿ ವೈರಸ್ ಇನ್ನೂ ರಕ್ತಕ್ಕೆ ತುಂಬಿರದ ಹೊತ್ತಿನಲ್ಲಿ ಮಾದರಿ ತೆಗೆದಿದ್ದರೆ ಅದು ಪ್ರಾಗಭಾವ. ಜ್ವರದ ಎರಡನೆಯ, ಮೂರನೆಯ ವಾರದಲ್ಲಿ ತೆಗೆದಿದ್ದರೆ, ಇದ್ದ ವೈರಸ್ಸನ್ನು ದೇಹವೇ ತೆಗೆದುಹಾಕಿರಬಹುದು; ಪ್ರಧ್ವಂಸಾಭಾವ. ಆ ರೋಗಿಗೆ ಸೋಂಕೇ ತಗಲಿರದಿದ್ದರೆ ಅತ್ಯಂತಾಭಾವ. ಜ್ವರ ಡೆಂಗಿಯದ್ದೋ ಇಲಿಜ್ವರದ್ದೋ ಆಗಿದ್ದರೆ, ಪ್ರೈಮರ್‌ಗಳ ಮಟ್ಟಿಗೆ ಅದು ಅನ್ಯೋನ್ಯಾಭಾವ, ಇದು ಅದಲ್ಲ ಎಂಬಷ್ಟೇ ಅರಿವು. ಮೊದಲೆರಡರಲ್ಲಿ ರೋಗಿಗೆ ಮಂಗನ ಕಾಯಿಲೆ ಇದೆ. ಕೊನೆಯೆರಡರಲ್ಲಿ ಇಲ್ಲ. ಯಂತ್ರದ ಪರದೆಯ ಮೇಲೆ ನಾಲ್ಕಕ್ಕೂ ಒಂದೇ ಮಲಗಿದ ಗೆರೆ.

ಇವನ್ನು ಬೇರ್ಪಡಿಸಿಕೊಡುವುದು ಮಾದರಿಯ ಜೊತೆ ಬರುವ ಒಂದು ಹಾಳೆ. ಅದರಲ್ಲಿ ರೋಗಿಯ ವಯಸ್ಸು, ಊರು, ಲಸಿಕೆಯ ವಿವರಗಳ ನಡುವೆ ಒಂದು ಅಂಕಣ: ಜ್ವರ ಶುರುವಾದ ದಿನಾಂಕ. ಅದರ ಪಕ್ಕಕ್ಕೆ ಮಾದರಿ ತೆಗೆದ ದಿನಾಂಕ. ಎರಡರ ನಡುವಿನ ವ್ಯತ್ಯಾಸ ಮೂರು ದಿನವಾಗಿದ್ದರೆ ಪಿಸಿಆರ್‌ನ ಮಾತಿಗೆ ತೂಕ ಹೆಚ್ಚು. ಹನ್ನೆರಡು ದಿನವಾಗಿದ್ದರೆ ಐಜಿಎಂ ಎಲೈಸಾ ಕೇಳಬೇಕು, ಏಕೆಂದರೆ ವೈರಸ್ ಅಳಿದ ಮೇಲೂ ಅದರ ವಿರುದ್ಧ ದೇಹ ಮಾಡಿದ ಪ್ರತಿಕಾಯ ಉಳಿದಿರುತ್ತದೆ. ಪ್ರಧ್ವಂಸಕ್ಕೆ ಅದೇ ಸಾಕ್ಷಿ. ಈ ರೋಗದಲ್ಲಿ ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬರುತ್ತದೆ, ಆಗ ತಲೆನೋವು, ನಡುಕ, ಮಂಪರು ಕಾಣಿಸಿಕೊಳ್ಳುತ್ತವೆ. ಎರಡನೆಯ ಜ್ವರದ ದಿನವನ್ನೇ ಮೊದಲನೆಯದೆಂದು ಬರೆದುಬಿಟ್ಟರೆ ಇಡೀ ಲೆಕ್ಕ ತಪ್ಪುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಕೊಡುವ ಉತ್ತರದ ಅರ್ಥ ಆಶಾ ಕಾರ್ಯಕರ್ತೆ ಮನೆಯ ಜಗುಲಿಯಲ್ಲಿ ಕೂತು ಕೇಳಿ ಬರೆದುಕೊಂಡ ಒಂದು ತಾರೀಖಿನ ಮೇಲೆ ನಿಂತಿರುತ್ತದೆ. ಅಂಕಣ ಖಾಲಿ ಬಂದರೆ ಪರೀಕ್ಷೆ ನಡೆಯುತ್ತದೆ, ಉತ್ತರವೂ ಬರುತ್ತದೆ, ಅರ್ಥ ಬರುವುದಿಲ್ಲ.

‘ಇದೆ’ ಎಂಬ ಉತ್ತರಕ್ಕೂ ಕಾವಲು ಬೇಕು. ಅದನ್ನು ಕಾಯುವುದು ನೀರು. ಮಾದರಿಗಳನ್ನು ಯಂತ್ರಕ್ಕಿಡುವ ಪ್ಲೇಟಿನ 96 ಗುಂಡಿಗಳಲ್ಲಿ ಕನಿಷ್ಠ ಒಂದಕ್ಕೆ ಯಾರ ಮಾದರಿಯನ್ನೂ ಹಾಕದೆ ಶುದ್ಧ ನೀರನ್ನಷ್ಟೇ ಹಾಕುತ್ತಾರೆ. ಉಳಿದೆಲ್ಲ ಸಾಮಗ್ರಿ ಅದರಲ್ಲೂ ಇರುತ್ತದೆ. ನಲವತ್ತು ಸುತ್ತೂ ಅದು ಸುಮ್ಮನಿರಬೇಕು. ನೀರು ‘ಮಾತಾಡಿದರೆ’ ಆ ಪ್ಲೇಟಿನ ಅಷ್ಟೂ ಫಲಿತಾಂಶ ಬದಿಗೆ, ಎಲ್ಲವನ್ನೂ ಮತ್ತೆ ಮಾಡಬೇಕು. ಪಿಸಿಆರ್ ಮಾಡುವ ಕಡೆ ಇಂಥ ಕಲಬೆರಕೆಯ ಅಪಾಯ ಹುಟ್ಟಿಕೊಳ್ಳುವುದು ಅದರ ಯಶಸ್ಸಿನಿಂದಲೇ. ಹಿಂದಿನ ವಾರದ ಒಂದು ಪಾಸಿಟಿವ್ ಕೊಳವೆಯ ಮುಚ್ಚಳ ತೆರೆದರೆ ಸಾಕು, ಅದರಲ್ಲಿನ ಕೋಟಿಗಟ್ಟಲೆ ನಕಲುಗಳಲ್ಲಿ ಕೆಲವು ಗಾಳಿಗೆ ಸೇರಿ ಈ ವಾರದ ಕೊಳವೆಗಳಿಗೆ ಇಳಿಯುತ್ತವೆ. ಅದಕ್ಕಾಗಿ ಮೂರು ಬೇರೆ ಕೋಣೆಗಳು: ದ್ರಾವಣ ಬೆರೆಸಲು ಒಂದು, ಆರ್‌ಎನ್‌ಎ ತೆಗೆಯಲು ಒಂದು, ಯಂತ್ರಕ್ಕೆ ಒಂದು. ಓಡಾಟ ಒಂದೇ ದಿಕ್ಕಿಗೆ. ಯಂತ್ರದ ಕೋಣೆ ಹೊಕ್ಕವರು ಅದೇ ಕೋಟು ತೊಟ್ಟು ಮೊದಲ ಕೋಣೆಗೆ ಹಿಂದಿರುಗುವಂತಿಲ್ಲ. ಮಡಿ-ಮೈಲಿಗೆಯ ನೆನಪಾಗುವುದು ಸಹಜ, ಹೋಲಿಕೆ ಮಾತ್ರ ಮೇಲ್ನೋಟದ್ದು. ಇಲ್ಲಿಯ ಮೈಲಿಗೆಯನ್ನು ನೀರಿನ ಗುಂಡಿ ಅಳೆದು ತೋರಿಸುತ್ತದೆ.

ಕಾವಲು ಎಷ್ಟೇ ಬಿಗಿಯಾಗಿದ್ದರೂ ಉಳಿಯುವ ಒಂದು ದೋಷ ಯಂತ್ರದ್ದಲ್ಲ, ಯಾರನ್ನು ಪರೀಕ್ಷಿಸಿದರು ಎಂಬುದರದ್ದು. ಲೆಕ್ಕಕ್ಕೆಂದು ಹೀಗೆ ಊಹಿಸಬಹುದು: ಜ್ವರವೇ ಇಲ್ಲದ 10,000 ಜನರ ಪರೀಕ್ಷೆ ನಡೆಯಿತು, ಅವರಲ್ಲಿ ನಿಜವಾಗಿ ಸೋಂಕಿತರು 10. ಪರೀಕ್ಷೆ ಆ ಹತ್ತನ್ನೂ ಹಿಡಿಯಿತು. ಸೋಂಕಿಲ್ಲದವರಲ್ಲಿ 200ಕ್ಕೆ ಒಬ್ಬರನ್ನು ತಪ್ಪಾಗಿ ಪಾಸಿಟಿವ್ ಎಂದಿತು. ಆಗ ಬರುವ ಸುಮಾರು 60 ಪಾಸಿಟಿವ್‌ಗಳಲ್ಲಿ 50 ಸುಳ್ಳು. ಅದೇ ಪರೀಕ್ಷೆಯನ್ನು ಮಂಗ ಸತ್ತ ಊರಿನಲ್ಲಿ, ಉಣುಗು ಕಚ್ಚಿಸಿಕೊಂಡು ಜ್ವರ ಬಂದವರ ಮೇಲೆ ಮಾಡಿದರೆ ಹೆಚ್ಚಿನ ಪಾಸಿಟಿವ್‌ಗಳು ನಿಜ. ಹೇತು, ಅಂದರೆ ಗುರುತು, ಒಂದೇ; ಪಕ್ಷ, ಅಂದರೆ ಅದನ್ನು ಅನ್ವಯಿಸುವ ನೆಲೆ, ಬದಲಾದರೆ ಅನುಮಾನದ ಬಲ ಬದಲಾಗುತ್ತದೆ.

ಪರೀಕ್ಷೆ ನಂಬಬಹುದಾದದ್ದೆಂದು ಗೊತ್ತಾಗುವುದಾದರೂ ಹೇಗೆ? ಅರಿವು ಹುಟ್ಟುತ್ತಲೇ ಪ್ರಮಾಣ, ದೋಷ ಕಂಡಾಗ ಮಾತ್ರ ಅದನ್ನು ಬಿಡಬೇಕು ಎಂಬುದು ಮೀಮಾಂಸಕರ ಸ್ವತಃಪ್ರಾಮಾಣ್ಯವಾದ. ಅರಿವು ಸರಿಯೆಂಬುದು ಹೊರಗಿನಿಂದ ಗೊತ್ತಾಗಬೇಕು, ನೀರೆಂದು ತಿಳಿದು ಹೋದವನ ದಾಹ ತೀರಿದರೆ ಅದು ನೀರು ಎಂಬುದು ನೈಯಾಯಿಕರ ಪರತಃಪ್ರಾಮಾಣ್ಯ. ಉಡುಪಿಯ ಮಧ್ವಾಚಾರ್ಯರು ಪ್ರಾಮಾಣ್ಯ ಸ್ವತಃ ಎಂದರೂ ಅದನ್ನು ಗ್ರಹಿಸುವುದು ಒಳಗಿನ ಅರಿವಾದ ಸಾಕ್ಷಿ ಎಂದರು, ಪ್ರಮಾಣಗಳ ಲಕ್ಷಣದಲ್ಲೇ ‘ನಿರ್ದೋಷ’ ಎಂಬ ವಿಶೇಷಣವನ್ನು ಇಟ್ಟರು. ರಿಪೋರ್ಟ್ ಪಡೆಯುವ ರೋಗಿ ನಡೆಯುವುದು ಮೀಮಾಂಸಕನ ದಾರಿಯಲ್ಲಿ. ದೋಷ ಕಾಣುವ ತನಕ ನಂಬುತ್ತಾನೆ. ಪ್ರಯೋಗಾಲಯ ಹಾಗೆ ನಡೆದರೆ ಕೆಟ್ಟಿತು. ಹೊರಗಿನ ಸಂಸ್ಥೆಯೊಂದು ಉತ್ತರ ತನ್ನಲ್ಲೇ ಇಟ್ಟುಕೊಂಡು ಗುರುತಿಲ್ಲದ ಕೊಳವೆಗಳನ್ನು ಕಳಿಸುತ್ತದೆ. ಅವುಗಳಲ್ಲಿ ಯಾವುದರಲ್ಲಿ ಏನಿದೆ ಎಂದು ಪ್ರಯೋಗಾಲಯ ಪರೀಕ್ಷಿಸಿ ತಿಳಿಸಬೇಕು, ಉತ್ತರ ಹೊಂದದಿದ್ದರೆ ಕಾರಣ ಹುಡುಕಬೇಕು. ಇದು ಅಪ್ಪಟ ಪರತಃಪ್ರಾಮಾಣ್ಯ.

ರೋಗಿಯ ನಂಬಿಕೆಗೆ ಶಬ್ದಪ್ರಮಾಣ ಎಂದೂ ಹೇಳಬಹುದು. ಆಪ್ತನ ಮಾತೇ ಶಬ್ದಪ್ರಮಾಣ. ವಿಷಯವನ್ನು ಸಾಕ್ಷಾತ್ ತಿಳಿದು, ತಿಳಿದದ್ದನ್ನು ತಿಳಿದಂತೆ ಹೇಳುವ ಇಚ್ಛೆಯುಳ್ಳವನು ಆಪ್ತ; ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ನ್ಯಾಯಭಾಷ್ಯಕಾರ ವಾತ್ಸ್ಯಾಯನ ಬರೆದಿದ್ದಾನೆ. ಹುಟ್ಟಿಗಾಗಲಿ ಪೀಠಕ್ಕಾಗಲಿ ಅಲ್ಲಿ ಮೀಸಲಿಲ್ಲ. ದೆಹಲಿಯ, ಪುಣೆಯ ಪ್ರಯೋಗಾಲಯದ ಮಾತಿಗೆ ತೂಕ, ಜಿಲ್ಲೆಯದಕ್ಕೆ ಸಂದೇಹ ಎಂಬ ಹಳೆಯ ಅಭ್ಯಾಸವನ್ನು ಈ ಒಂದು ವಾಕ್ಯ ಅಲ್ಲಾಡಿಸುತ್ತದೆ. ತಿಳಿದಿದ್ದರೆ, ತಿಳಿದಂತೆ ಹೇಳಿದರೆ, ಶಿವಮೊಗ್ಗವೂ ಆಪ್ತವೇ.

ಆಪ್ತರು ಹತ್ತಿರದಲ್ಲಿ ಇರಬೇಕಾದ ಅಗತ್ಯ 2020ರಲ್ಲಿ ಎಲ್ಲರಿಗೂ ಗೊತ್ತಾಯಿತು. ವೈರಸ್ ಪರೀಕ್ಷೆಯ ಪ್ರಯೋಗಾಲಯಗಳ ಜಾಲವನ್ನು ಕಟ್ಟುವ ಕೇಂದ್ರದ ಯೋಜನೆ 2013-14ರಲ್ಲೇ ಶುರುವಾಗಿದ್ದರೂ, ಕೊರೊನಾದ ಮೊದಲ ದಿನಗಳಲ್ಲಿ ದೇಶಕ್ಕೆಲ್ಲ ಪುಣೆಯೇ ಗತಿಯಾಗಿತ್ತು. ಭಾರತದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ, ಮಾರ್ಚ್ 10ರಂದು. ಮಾದರಿ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿತ್ತು. ಸೋಂಕು ಖಚಿತವೆಂದು ಪ್ರಕಟವಾದದ್ದು 12ರಂದು. ಅರಿವು ನಿಜವೇ ಆಗಿತ್ತು, ಆ ರೋಗಿಗೆ ಅದರಿಂದ ಏನೂ ಆಗಲಿಲ್ಲ. ಮುಂದೆ ಮೈಸೂರು, ಹಾಸನ, ಶಿವಮೊಗ್ಗ, ಕಲಬುರಗಿ ಎಂದು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಪಿಸಿಆರ್ ಸಾಲುಸಾಲಾಗಿ ಶುರುವಾಯಿತು. ಕೊರೊನಾದ ಎರಡು ವರ್ಷದಲ್ಲಿ ಸಿಟಿ ವ್ಯಾಲ್ಯೂ ಎಂಬ ಪದ ಹೋಟೆಲಿನ ಮೇಜಿನ ತನಕ ಬಂತು. 35ರ ಒಳಗೆ ಪಾಸಿಟಿವ್ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಗೆರೆ ಎಳೆಯಿತು. ಆ ಗೆರೆ ನಿಸರ್ಗದಲ್ಲಿ ಎಲ್ಲೂ ಇಲ್ಲ. ಕೆಲಸ ನಡೆಯಬೇಕಾದ್ದರಿಂದ ಮನುಷ್ಯರು ಒಪ್ಪಿಕೊಂಡದ್ದು ಅದು, ಹಾಗೆ ಒಪ್ಪಿಕೊಳ್ಳುವುದರಲ್ಲಿ ತಪ್ಪೂ ಇಲ್ಲ. ಅದನ್ನು ನಿಸರ್ಗದ ಗೆರೆಯೆಂದು ಓದಿ 34 ಮತ್ತು 36ರ ನಡುವೆ ಆರೋಗ್ಯ-ಅನಾರೋಗ್ಯಗಳ ಗಡಿಯಿದೆ ಎಂದು ನಂಬಿದಾಗ ತೊಂದರೆ.

ಈಗ ಯಂತ್ರ ತಾಲ್ಲೂಕಿಗೂ ಇಳಿದಿದೆ. ಬೆಂಗಳೂರು ಮತ್ತು ಗೋವಾಗಳಲ್ಲಿ ರೂಪುಗೊಂಡ ಟ್ರೂನಾಟ್ ಎಂಬ ಪುಟ್ಟ ಪಿಸಿಆರ್ ಯಂತ್ರ ಬ್ಯಾಟರಿಯ ಮೇಲೆ ಓಡುತ್ತದೆ, ಗಂಟೆಯೊಂದರ ಆಸುಪಾಸಿನಲ್ಲಿ ಉತ್ತರ ಕೊಡುತ್ತದೆ. ಮೊದಲು ಕ್ಷಯಕ್ಕೆ ಬಂದ ಅದರಲ್ಲಿ ಮಂಗನ ಕಾಯಿಲೆಯ ಚಿಪ್ಪೂ ಸಿದ್ಧವಾಗಿದೆ. ಮೂರು ಕೋಣೆಗಳ ಎಚ್ಚರದ ಬಹುಪಾಲು ಆ ಯಂತ್ರದೊಳಕ್ಕೇ ಸೇರಿಕೊಂಡಿದೆ. ಸೇರಿಸಲಾಗದ್ದು ಆ ದಿನಾಂಕದ ಅಂಕಣ. ಅದು ಇಂದಿಗೂ ಪೆನ್ನಿನಲ್ಲೇ ತುಂಬಬೇಕಾದದ್ದು.

ಮನುಷ್ಯರ ರಕ್ತಕ್ಕಿಂತ ಕಷ್ಟದ್ದು ಮಂಗಗಳ ಮಾದರಿ. ಕಾಡಿನಲ್ಲಿ ಮಂಗ ಸತ್ತ ಸುದ್ದಿ ಪಂಚಾಯಿತಿಗೆ ಮುಟ್ಟಿ, ಪಶುವೈದ್ಯರು ಹೋಗುವಷ್ಟರಲ್ಲಿ ಎರಡು ಮೂರು ದಿನ ಕಳೆದಿರಬಹುದು. ಬಿಸಿಲಿಗೆ ಹೆಣ ಕೊಳೆತರೆ ಆರ್‌ಎನ್‌ಎ ಮೊದಲು ನಾಶವಾಗುತ್ತದೆ. ಅಂಥ ಅಂಗಾಂಶದಿಂದ ಬರುವ ಮಲಗಿದ ಗೆರೆ ಮಂಗ ಏತರಿಂದ ಸತ್ತಿತೆಂದು ಹೇಳುವುದಿಲ್ಲ. ಯೋಗ್ಯತೆ ಇಲ್ಲದ ಅನುಪಲಬ್ಧಿ ಅದು. ಉಣುಗುಗಳಿಗೆ ಮಾತ್ರ ರಿಪೋರ್ಟಿನ ಹಂಗಿಲ್ಲ. ಮಂಗದ ಮೈ ತಣ್ಣಗಾಗುತ್ತಲೇ ಅವು ಇಳಿದು ಸುತ್ತಲಿನ ದರಗಿನಲ್ಲಿ ಸೇರಿಕೊಂಡಿರುತ್ತವೆ. ನ್ಯಾಯದರ್ಶನ ತನ್ನ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೂ ಒಂದು ಸ್ಥಾನ ಕೊಟ್ಟಿದೆ, ವಿಚಾರಣೆ ಶುರುವಾಗುವುದೇ ಅಲ್ಲಿಂದ ಎಂಬ ಕಾರಣಕ್ಕೆ. ಹೀಗೆ ಕೊಳೆತ ಮಾದರಿಗೆ ಪ್ರಯೋಗಾಲಯ ಪಾಸಿಟಿವ್ ಎಂದೂ ನೆಗೆಟಿವ್ ಎಂದೂ ಬರೆಯುವುದಿಲ್ಲ. ಮಾದರಿ ಪರೀಕ್ಷೆಗೆ ಯೋಗ್ಯವಾಗಿಲ್ಲ, ಸಾಧ್ಯವಾದರೆ ಮತ್ತೊಂದನ್ನು ಕಳಿಸಿ ಎಂದು ಬರೆಯುತ್ತದೆ.